ಚಾಲಕನ ಅರ್ಧ ಗಂಟೆ

ನಗರದ ಬಸ್ಸನ್ನು ನಡೆಸುವ ಚಾಲಕನು ದಿನಕ್ಕೆ ಎಷ್ಟು ಹೊತ್ತು ದುಡಿಯುತ್ತಾನೆ ಎಂಬ ಪ್ರಶ್ನೆ ಮೇಲುನೋಟಕ್ಕೆ ಅತ್ಯಂತ ಸರಳವಾದುದು. ಆದರೆ ಅದಕ್ಕೆ ನ್ಯಾಯವಾದ ಉತ್ತರವನ್ನು ಹೇಳಹೊರಟವನು ಮೊದಲ ಹೆಜ್ಜೆಯಲ್ಲಿಯೇ ತಡೆದು ನಿಲ್ಲಬೇಕಾಗುತ್ತದೆ. ಬಸ್ಸು ನಿಲ್ದಾಣವನ್ನು ಬಿಟ್ಟ ಕ್ಷಣದಿಂದ ಮರಳಿ ಬಂದು ನಿಂತ ಕ್ಷಣದವರೆಗಿನ ಕಾಲವಷ್ಟನ್ನೇ ಎಣಿಸುವುದಾದರೆ ಲೆಕ್ಕ ಬೇಗ ಮುಗಿದೀತು. ಆದರೆ ಬೆಂಗಳೂರಿನ ಯಾವುದಾದರೊಂದು ಬಸ್ ಘಟಕದಲ್ಲಿ, ಊರು ಇನ್ನೂ ಕಣ್ತೆರೆಯದ ಹೊತ್ತಿನಲ್ಲಿ, ಹಾಜರಿ ಪುಸ್ತಕದಲ್ಲಿ ರುಜು ಹಾಕಿ, ಲಾಗ್‌ಶೀಟನ್ನು ಪಡೆದು, ತನಗೆ ಗೊತ್ತುಮಾಡಿದ ವಾಹನ ಯಾವ ಸಾಲಿನಲ್ಲಿ ನಿಂತಿದೆಯೆಂದು ಹುಡುಕಿ, ಚಕ್ರಗಳ ಗಾಳಿಯನ್ನೂ ರೇಡಿಯೇಟರಿನ ನೀರನ್ನೂ ಬ್ರೇಕಿನ ಹಿಡಿತವನ್ನೂ ದೀಪಗಳನ್ನೂ ಪರೀಕ್ಷಿಸಿ, ಖಾಲಿ ಬಸ್ಸನ್ನು ಮೊದಲ ಟ್ರಿಪ್ಪು ಹೊರಡಬೇಕಾದ ಜಾಗದವರೆಗೆ ನಡೆಸಿಕೊಂಡು ಬರುವ ಮನುಷ್ಯನನ್ನು ಕಂಡವರಿಗೆ, ಅವನ ದುಡಿಮೆ ಪ್ರಯಾಣಿಕನು ಹತ್ತುವುದಕ್ಕಿಂತ ಎಷ್ಟೋ ಮೊದಲೇ ಆರಂಭವಾಗಿರುತ್ತದೆಂಬುದು ಮನವರಿಕೆಯಾಗದೆ ಇರದು. ಹಾಗೆಯೇ, ಕಡೆಯ ಟ್ರಿಪ್ಪು ಮುಗಿದ ಮೇಲೆ ವಾಹನವನ್ನು ಘಟಕಕ್ಕೆ ತಂದು, ಡೀಸೆಲ್ ತುಂಬಿಸಿ, ಕಂಡ ದೋಷಗಳನ್ನು ಬರೆಸಿ, ಬಸ್ಸನ್ನು ಒಪ್ಪಿಸಿ ಹೊರಬೀಳುವವರೆಗೆ ಅದು ಮುಗಿಯುವುದೂ ಇಲ್ಲ. ಈ ಎರಡು ತುದಿಗಳ ನಡುವೆ, ಮುಂದಿನ ಟ್ರಿಪ್ಪಿಗಾಗಿ ಕಾಯುತ್ತ ನಿಲ್ದಾಣದಲ್ಲಿ ಕಳೆದ ಐದು ನಿಮಿಷ, ಹತ್ತು ನಿಮಿಷಗಳನ್ನು ದುಡಿಮೆಯೆನ್ನಬೇಕೋ ವಿಶ್ರಾಂತಿಯೆನ್ನಬೇಕೋ? ಚಾಲಕನ ಬಾಳಿನ ಸುಖದುಃಖಗಳಲ್ಲಿ ಬಹುಭಾಗ ಈ ಒಂದು ಪ್ರಶ್ನೆಗೆ ನಾವು ಕೊಡುವ ಉತ್ತರವನ್ನು ಅವಲಂಬಿಸಿದೆ.

ಸಂತೋಷದ ಸಂಗತಿಯೆಂದರೆ, ನಮ್ಮ ದೇಶದ ಶಾಸನವು ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿ ಆರು ದಶಕಗಳಿಗೂ ಹೆಚ್ಚು ಕಾಲ ಸಂದಿದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯ ಪ್ರಕಾರ, ಕಾರ್ಮಿಕನು ತನ್ನನ್ನು ದುಡಿಸುವವರ ಕರೆಗೆ ಒಳಪಟ್ಟಿರುವ ಕಾಲವೇ ಅವನ ಕೆಲಸದ ಕಾಲವಾಗಿತ್ತು. ವಾಹನ ಓಡುತ್ತಿರುವ ಹೊತ್ತು ಅದರಲ್ಲಿ ಸೇರುತ್ತಿತ್ತು. ವಾಹನವನ್ನು ವಹಿಸಿಕೊಳ್ಳುವುದು, ಒಪ್ಪಿಸುವುದು, ಪುಸ್ತಕಗಳಿಗೆ ರುಜು ಹಾಕುವುದು, ಲೆಕ್ಕ ಕೊಡುವುದು ಮೊದಲಾದ ಆನುಷಂಗಿಕ ಕಾರ್ಯಗಳ ಹೊತ್ತು ಸೇರುತ್ತಿತ್ತು. ಇವೆರಡರ ಜೊತೆಗೆ, ಮಾರ್ಗದ ಕೊನೆಯ ನಿಲ್ದಾಣದಲ್ಲಿ ಹದಿನೈದು ನಿಮಿಷಕ್ಕಿಂತ ಕಡಿಮೆಯಾಗಿ ಸುಮ್ಮನೆ ಕಾದು ನಿಂತ ಹೊತ್ತೂ ಕೆಲಸವೆಂದೇ ಗಣ್ಯವಾಗುತ್ತಿತ್ತು. ಈ ಮೂರನೆಯ ಮಾತನ್ನು ಓದುಗರು ಗಮನವಿಟ್ಟು ನೋಡಬೇಕು. ಎಂಜಿನ್ನನ್ನು ನಿಲ್ಲಿಸಿ ಕೆಳಗಿಳಿದವನೆಲ್ಲ ವಿಶ್ರಮಿಸುತ್ತಿರುವವನಲ್ಲ. ನಿಲ್ದಾಣದ ಕಂಟ್ರೋಲರ್ ಕರೆದೊಡನೆ ಮತ್ತೆ ಏರಬೇಕಾದವನ ಮನಸ್ಸು ಬಸ್ಸಿನಿಂದ ಇಳಿದೇ ಇರುವುದಿಲ್ಲ. ಈ ಸೂಕ್ಷ್ಮವನ್ನು ಕಾಯಿದೆಯನ್ನು ರಚಿಸಿದವರು ಅರಿತಿದ್ದರು.

ಆ ಕಾಯಿದೆ ವಿಧಿಸಿದ ಮಿತಿಗಳೂ ಸ್ಪಷ್ಟವಾದುವು. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ. ದೂರದ ಮಾರ್ಗಗಳಲ್ಲಿ ಅಥವಾ ಹಬ್ಬಹರಿದಿನಗಳ ಸಂದರ್ಭದಲ್ಲಿ, ಅದೂ ಅಧಿಕಾರಿಯ ಅನುಮತಿಯನ್ನು ಪಡೆದು, ದಿನಕ್ಕೆ 10 ಗಂಟೆ, ವಾರಕ್ಕೆ 54 ಗಂಟೆ. ಒಮ್ಮೆ ಕೆಲಸಕ್ಕೆ ತೊಡಗಿದ ಮೇಲೆ ಅರ್ಧ ಗಂಟೆಯಾದರೂ ವಿಶ್ರಾಂತಿಯಿಲ್ಲದೆ 5 ಗಂಟೆಗಳನ್ನು ಮೀರಿ ದುಡಿಸುವಂತಿರಲಿಲ್ಲ. ಒಂದು ದಿನದ ಕೆಲಸವನ್ನು ಎರಡಕ್ಕಿಂತ ಹೆಚ್ಚು ತುಂಡುಗಳಾಗಿ ಒಡೆಯುವಂತಿರಲಿಲ್ಲ. ಒಡೆದರೂ, ಮೊದಲ ರುಜುವಿನಿಂದ ಕಡೆಯ ರುಜುವಿನವರೆಗಿನ ಅವಧಿ, ಎಂದರೆ ಘಟಕಗಳಲ್ಲಿ ಸ್ಪ್ರೆಡ್ ಓವರ್ ಎಂದು ಕರೆಯುವ ಕಾಲ, 12 ಗಂಟೆಗಳನ್ನು ದಾಟುವಂತಿರಲಿಲ್ಲ. ಇಂದಿನ ಕೆಲಸ ಮುಗಿದು ನಾಳೆಯ ಕೆಲಸ ಮೊದಲಾಗುವುದರ ನಡುವೆ 9 ಗಂಟೆಗಳ ಅಖಂಡ ವಿಶ್ರಾಂತಿ ಇರಬೇಕಾಗಿತ್ತು. 1988ರ ಮೋಟಾರು ವಾಹನ ಕಾಯಿದೆಯೂ ಚಾಲಕರ ಕೆಲಸದ ಅವಧಿಯ ವಿಷಯದಲ್ಲಿ ಈ ಕಾಯಿದೆಯನ್ನೇ ಪ್ರಮಾಣವಾಗಿ ಸ್ವೀಕರಿಸಿತು. 2020ರಲ್ಲಿ ಸಂಸತ್ತು ಅಂಗೀಕರಿಸಿದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ಸಂಹಿತೆಯು ಇದನ್ನೂ ಸೇರಿಸಿ ಹದಿಮೂರು ಕಾಯಿದೆಗಳನ್ನು ತನ್ನಲ್ಲಿ ವಿಲೀನಗೊಳಿಸಿಕೊಂಡಾಗ, ದಿನಕ್ಕೆ ಎಂಟು ಗಂಟೆಯೆಂಬ ಮೂಲತತ್ತ್ವವನ್ನು ಕೈಬಿಡಲಿಲ್ಲ. ಗ್ರಂಥದ ಹೆಸರು ಬದಲಾದರೂ ಮನುಷ್ಯನ ಬೆನ್ನು ಬದಲಾಗದಷ್ಟೆ.

ಶಾಸನ ಹೀಗಿರುವಲ್ಲಿ ಕೊರತೆ ಎಲ್ಲಿಂದ ಬಂದಿತು? ಅದನ್ನು ತಿಳಿಯಬೇಕಾದರೆ ಬಸ್ಸಿನ ವೇಳಾಪಟ್ಟಿ ಹೇಗೆ ಸಿದ್ಧವಾಗುತ್ತದೆಂಬುದನ್ನು ತುಸು ನೋಡಬೇಕು. ಒಂದು ಶೆಡ್ಯೂಲು ಎಂದರೆ ಒಂದು ಬಸ್ಸು ದಿನವೆಲ್ಲ ಮಾಡಬೇಕಾದ ಟ್ರಿಪ್ಪುಗಳ ಸರಣಿ. ಪ್ರತಿಯೊಂದು ಟ್ರಿಪ್ಪಿಗೂ ಇಂತಿಷ್ಟು ನಿಮಿಷಗಳ ಓಟದ ಕಾಲ, ಎರಡು ಟ್ರಿಪ್ಪುಗಳ ನಡುವೆ ಇಂತಿಷ್ಟು ನಿಮಿಷಗಳ ನಿಲುಗಡೆ, ಪಾಳಿಯ ಮಧ್ಯದಲ್ಲೊಂದು ಊಟದ ಬಿಡುವು, ಹೀಗೆ ಕಾಗದದ ಮೇಲೆ ಎಲ್ಲವೂ ಅಚ್ಚುಕಟ್ಟಾಗಿ ಕೂಡಿಕೊಳ್ಳುತ್ತವೆ. ಈ ಲೆಕ್ಕದ ಪ್ರಾಣವಿರುವುದು ಓಟದ ಕಾಲದಲ್ಲಿ. ಒಂದು ಮಾರ್ಗಕ್ಕೆ 75 ನಿಮಿಷಗಳೆಂದು ಗೊತ್ತುಮಾಡಿ, ನಿಲುಗಡೆಗೆ 10 ನಿಮಿಷಗಳನ್ನು ಇಟ್ಟಿದ್ದಾರೆಂದು ಭಾವಿಸೋಣ. ರಸ್ತೆಯ ನಿಜಸ್ಥಿತಿಯಲ್ಲಿ ಆ ಪಯಣಕ್ಕೆ 90 ನಿಮಿಷಗಳು ಹಿಡಿದರೆ, ಚಾಲಕನು ನಿಲ್ದಾಣವನ್ನು ಮುಟ್ಟುವ ಹೊತ್ತಿಗೆ ನಿಲುಗಡೆಯ ಹತ್ತು ನಿಮಿಷಗಳೂ ಕರಗಿಹೋಗಿ, ಮುಂದಿನ ಟ್ರಿಪ್ಪು ಹೊರಡಬೇಕಾದ ಗಳಿಗೆಯೂ ಐದು ನಿಮಿಷ ಹಿಂದೆ ಬಿದ್ದಿರುತ್ತದೆ. ಎರಡನೆಯ, ಮೂರನೆಯ ಟ್ರಿಪ್ಪುಗಳಲ್ಲಿ ಈ ಸಾಲ ಬೆಳೆಯುತ್ತ ಹೋಗಿ ಊಟದ ಬಿಡುವಿನ ಬುಡಕ್ಕೆ ಬರುತ್ತದೆ. ಆಗ ಚಾಲಕನ ಮುಂದೆ ಉಳಿಯುವ ದಾರಿಗಳು ಎರಡೇ: ಊಟವನ್ನು ಬಿಟ್ಟು ಹೊರಡುವುದು, ಇಲ್ಲವೆ ಒಂದು ಟ್ರಿಪ್ಪು ಕತ್ತರಿಸಿಹೋದುದಕ್ಕೆ ಸಮಜಾಯಿಷಿ ಹೇಳುವುದು. ಸಾಮಾನ್ಯವಾಗಿ ಅವನು ಮೊದಲನೆಯದನ್ನೇ ಆರಿಸಿಕೊಳ್ಳುತ್ತಾನೆ. ಏಕೆಂದರೆ ಬಿಟ್ಟ ಊಟಕ್ಕೆ ಯಾರೂ ಲೆಕ್ಕ ಕೇಳುವುದಿಲ್ಲ, ಬಿಟ್ಟ ಟ್ರಿಪ್ಪಿಗೆ ಕೇಳುತ್ತಾರೆ.

ಬೆಂಗಳೂರಿನಲ್ಲಿ ಈ ವ್ಯತ್ಯಯ ನಿತ್ಯದ ಸ್ಥಿತಿಯೇ ಆಗಿದೆ. ನಗರದಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆ ಒಂದು ಕೋಟಿಯನ್ನು ದಾಟಿದೆ. ಟಾಮ್‌ಟಾಮ್ ಸಂಸ್ಥೆಯ ಸಂಚಾರ ಸೂಚ್ಯಂಕದ ಪ್ರಕಾರ 2023ರಲ್ಲಿ ನಗರದ ನಡುಭಾಗದಲ್ಲಿ 10 ಕಿಲೋಮೀಟರ್ ದೂರವನ್ನು ಕ್ರಮಿಸುವುದಕ್ಕೆ ಸರಾಸರಿ 28 ನಿಮಿಷ 10 ಸೆಕೆಂಡುಗಳು ಬೇಕಾಗಿದ್ದುವು. ಇದು ಕಾರಿನಲ್ಲಿ, ನಿಲ್ದಾಣಗಳಲ್ಲಿ ನಿಲ್ಲದೆ, ಸಾಗುವವನ ಲೆಕ್ಕ; ಫರ್ಲಾಂಗಿಗೊಮ್ಮೆ ನಿಂತು ಜನರನ್ನು ಇಳಿಸಿ ಹತ್ತಿಸಿಕೊಂಡು, ಮತ್ತೆ ಬಲಕ್ಕೆ ಸರಿದು ವಾಹನಗಳ ಪ್ರವಾಹದಲ್ಲಿ ಸೇರಿಕೊಳ್ಳಬೇಕಾದ ಬಸ್ಸಿಗೆ ಹಿಡಿಯುವ ಕಾಲ ಇನ್ನೂ ಹೆಚ್ಚು. ಸಿಲ್ಕ್ ಬೋರ್ಡ್ ಕೂಡುದಾರಿಯಲ್ಲೋ ಹೆಬ್ಬಾಳದ ಮೇಲ್ಸೇತುವೆಯ ಬುಡದಲ್ಲೋ ಸಂಜೆಯ ಒಂದು ಮಳೆಗೆ ಸಿಕ್ಕಿಬಿದ್ದ ಬಸ್ಸಿನ ಒಳಗೆ ಪ್ರಯಾಣಿಕನು ಕಳೆದುಕೊಳ್ಳುವುದು ತನ್ನ ಸಮಯವನ್ನು ಮಾತ್ರ. ಚಾಲಕನು ಕಳೆದುಕೊಳ್ಳುವುದು ತನ್ನ ಬಿಡುವನ್ನು. ನಗರದ ಅವ್ಯವಸ್ಥೆಯ ತೆರಿಗೆಯನ್ನು ಅವನ ವಿಶ್ರಾಂತಿಯ ಬೊಕ್ಕಸದಿಂದ ವಸೂಲು ಮಾಡಲಾಗುತ್ತಿದೆಯೆಂದರೆ ಅತಿಶಯೋಕ್ತಿಯಾಗದು.

ಚೂರುಚೂರಾಗಿ ದೊರೆತ ನಿಮಿಷಗಳನ್ನು ಕೂಡಿಸಿ, ಅರ್ಧ ಗಂಟೆ ಆಯಿತಲ್ಲವೆ ಎಂದು ವಾದಿಸುವವರು ಉಂಟು. ಆದರೆ ದಾರಿಯಲ್ಲಿ ಹತ್ತು ಕಡೆ ಒಂದೊಂದು ತುತ್ತು ತಿಂದವನು ಊಟ ಮಾಡಿದವನಾಗುವುದಿಲ್ಲ. ಶಾಸನ ಹೇಳಿದ ಅರ್ಧ ಗಂಟೆ ಅಖಂಡವಾದುದು. ಕೈಕಾಲು ತೊಳೆದು, ಡಬ್ಬಿಯನ್ನು ಬಿಚ್ಚಿ ಕುಳಿತು ಉಂಡು, ಬೆನ್ನನ್ನು ಗೋಡೆಗೆ ಕೊಟ್ಟು, ಇನ್ನು ಕೆಲವು ನಿಮಿಷಗಳವರೆಗೆ ತನ್ನನ್ನು ಯಾರೂ ಕರೆಯಲಾರರೆಂಬ ನಿಶ್ಚಿಂತೆಯನ್ನು ಪಡೆಯುವುದಕ್ಕೆ ಬೇಕಾದ ಕನಿಷ್ಠ ಕಾಲ ಅದು.

ಪಾಳಿಗಳ ಸ್ವರೂಪವೂ ಈ ವಿಷಯಕ್ಕೆ ಸಂಬಂಧಿಸಿದ್ದೇ. ಮೊದಲ ಪಾಳಿಯವನು ಕೋಳಿ ಕೂಗುವ ಮೊದಲು ಮನೆ ಬಿಡಬೇಕು. ಎರಡನೆಯ ಪಾಳಿಯವನು ಮನೆ ಸೇರುವ ಹೊತ್ತಿಗೆ ಮಕ್ಕಳು ಮಲಗಿರುತ್ತಾರೆ. ಜನರಲ್ ಶಿಫ್ಟಿನವನು ಬೆಳಗಿನ ದಟ್ಟಣೆ, ಸಂಜೆಯ ದಟ್ಟಣೆ ಎರಡನ್ನೂ ಎದುರಿಸಬೇಕು. ಇವೆಲ್ಲಕ್ಕಿಂತ ವಿಚಾರಣೀಯವಾದುದು ನೈಟ್ ಔಟ್ ಎಂಬ ಪದ್ಧತಿ. ನಗರದ ಅಂಚಿನ ಹಳ್ಳಿಗೆ ರಾತ್ರಿಯ ಕಡೆಯ ಬಸ್ಸನ್ನು ಕೊಂಡೊಯ್ದು, ಅಲ್ಲಿಯೇ ತಂಗಿದ್ದು, ಬೆಳಗಿನ ಮೊದಲ ಬಸ್ಸನ್ನು ಹೊರಡಿಸುವ ಈ ವ್ಯವಸ್ಥೆಯಿಂದ ಹಾಲಿನವನಿಗೂ ಹೂವಿನವಳಿಗೂ ಕಾರ್ಖಾನೆಯ ಪಾಳಿಗೆ ಹೊರಟವನಿಗೂ ಆಗುವ ಉಪಕಾರ ದೊಡ್ಡದು. ಆದರೆ ರಾತ್ರಿ ಹತ್ತೂವರೆಗೆ ಬಸ್ಸು ನಿಲ್ಲಿಸಿ ಬೆಳಗ್ಗೆ ಐದೂವರೆಗೆ ಮತ್ತೆ ಹೊರಡಿಸುವುದಾದರೆ ನಡುವೆ ಉಳಿಯುವುದು ಏಳೇ ಗಂಟೆ. ಆ ಏಳು ಗಂಟೆಗಳೂ ಎಂಥವು? ಬಸ್ಸಿನ ಉದ್ದನೆಯ ಸೀಟಿನ ಮೇಲೋ, ಸೀಟುಗಳ ನಡುವಣ ಓಣಿಯಲ್ಲಿ ಹಾಸಿದ ಜಮಖಾನದ ಮೇಲೋ, ಕಿಟಕಿಯ ಗಾಜುಗಳನ್ನು ಎಳೆದುಕೊಂಡರೆ ಸೆಕೆ, ತೆರೆದರೆ ಸೊಳ್ಳೆ ಎಂಬ ಸ್ಥಿತಿಯಲ್ಲಿ, ದಿನದ ಹಣದ ಚೀಲವನ್ನು ತಲೆದೆಸೆಯಲ್ಲಿ ಇಟ್ಟುಕೊಂಡ ನಿರ್ವಾಹಕನ ಪಕ್ಕದಲ್ಲಿ ಮಲಗಿ ಕಳೆಯುವ ಗಂಟೆಗಳು. ರಾತ್ರಿ ತಂಗಬೇಕಾದ ಸ್ಥಳಗಳಲ್ಲಿ ಕಾರ್ಮಿಕರಿಗೆ ವಿಶ್ರಾಂತಿಗೃಹವನ್ನು ಒದಗಿಸತಕ್ಕದ್ದೆಂದೂ, ನೂರು ಮಂದಿಗೆ ಕಡಿಮೆಯಿಲ್ಲದೆ ಕೆಲಸಗಾರರು ಬಂದುಹೋಗುವ ಕಡೆ ಕ್ಯಾಂಟೀನು ಇರತಕ್ಕದ್ದೆಂದೂ 1961ರ ಕಾಯಿದೆಯೇ ಹೇಳಿತ್ತು. ದೊಡ್ಡ ಘಟಕಗಳಲ್ಲಿ ಇವು ಇವೆ. ಅಂಚಿನ ಹಳ್ಳಿಯ ಅರಳೀಕಟ್ಟೆಯ ಬಳಿ ನಿಂತ ಬಸ್ಸಿನಲ್ಲಿ ಮಲಗಿದವನಿಗೆ ಅವು ಬಹುದೂರ.

ವಿಶ್ರಾಂತಿಯಿಲ್ಲದ ದುಡಿಮೆ ದೇಹವನ್ನು ಏನು ಮಾಡುತ್ತದೆಂಬುದು ವೈದ್ಯಶಾಸ್ತ್ರಕ್ಕೆ ಬಹುಕಾಲದಿಂದ ವಿದಿತವಾದ ಸಂಗತಿ. ದೇಹಶ್ರಮಕ್ಕೂ ಹೃದ್ರೋಗಕ್ಕೂ ಇರುವ ಸಂಬಂಧದ ಮೊದಲ ಪ್ರಬಲ ಸಾಕ್ಷ್ಯ ದೊರೆತದ್ದೇ ಬಸ್ಸಿನಲ್ಲಿ ಎಂಬುದನ್ನು ಇಲ್ಲಿ ಸ್ಮರಿಸಬೇಕು. ಲಂಡನ್ನಿನಲ್ಲಿ ಜೆರೆಮಿ ಮಾರಿಸ್ ಎಂಬ ವೈದ್ಯವಿಜ್ಞಾನಿ ಆ ನಗರದ ಎರಡಂತಸ್ತಿನ ಬಸ್ಸುಗಳ ಚಾಲಕರನ್ನೂ ನಿರ್ವಾಹಕರನ್ನೂ ಹೋಲಿಸಿ ನೋಡಿ, ತನ್ನ ಫಲಿತಾಂಶಗಳನ್ನು 1953ರಲ್ಲಿ ಲಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದನು. ಒಂದೇ ಬಸ್ಸು, ಒಂದೇ ಮಾರ್ಗ, ಒಂದೇ ಬಗೆಯ ಮನೆತನಗಳಿಂದ ಬಂದ ಜನ. ಆದರೂ ದಿನವೆಲ್ಲ ಮೆಟ್ಟಿಲು ಹತ್ತಿ ಇಳಿಯುತ್ತಿದ್ದ ನಿರ್ವಾಹಕರಿಗಿಂತ, ಕುಳಿತಲ್ಲೇ ಕುಳಿತಿರುತ್ತಿದ್ದ ಚಾಲಕರಲ್ಲಿ ಹೃದ್ರೋಗ ಗಣನೀಯವಾಗಿ ಹೆಚ್ಚಾಗಿತ್ತು, ಮತ್ತು ಬಂದಾಗ ಹೆಚ್ಚು ಮಾರಕವಾಗಿತ್ತು. 1956ರಲ್ಲಿ ಅವನೇ ಸಮವಸ್ತ್ರಗಳ ಅಳತೆಯ ದಾಖಲೆಗಳನ್ನು ತೆಗೆದು ನೋಡಿದಾಗ ಚಾಲಕರ ಸೊಂಟದ ಸುತ್ತಳತೆಯೇ ಹೆಚ್ಚೆಂದು ಕಂಡುಬಂದುದರಿಂದ, ಎಲ್ಲವನ್ನೂ ಮೆಟ್ಟಿಲುಗಳ ಲೆಕ್ಕಕ್ಕೇ ಬರೆಯಲಾಗದೆಂಬ ಎಚ್ಚರವೂ ಹುಟ್ಟಿತು. ಮುಂದೆ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದ ಬಸ್ ಚಾಲಕರನ್ನು ಪರೀಕ್ಷಿಸಿದ ವಿದ್ವಾಂಸರಿಗೆ ಅವರಲ್ಲಿ ರಕ್ತದ ಒತ್ತಡ ಅಧಿಕವಾಗಿರುವುದು ಗೋಚರಿಸಿತು. ಅವಸರ ತನ್ನದು, ಆದರೆ ರಸ್ತೆ ತನ್ನ ಹಿಡಿತದಲ್ಲಿಲ್ಲ, ಎಂಬ ಸ್ಥಿತಿಯಲ್ಲಿ ಗಂಟೆಗಟ್ಟಲೆ ಕುಳಿತಿರುವವನ ನಾಡಿಯಲ್ಲಿ ಆ ಒತ್ತಡ ಸೇರಿಕೊಳ್ಳುವುದು ಆಶ್ಚರ್ಯವಲ್ಲ.

ನಮ್ಮ ಹಳೆಯ ಮಾದರಿಯ ಬಸ್ಸುಗಳಲ್ಲಿ ಎಂಜಿನ್ನು ಇರುವುದು ಚಾಲಕನ ಎಡಮಗ್ಗುಲಲ್ಲಿ. ಬೇಸಗೆಯ ಮಧ್ಯಾಹ್ನ ಅದರ ಮುಚ್ಚಳದ ಮೇಲೆ ಅಂಗೈಯನ್ನು ಒಂದು ಗಳಿಗೆ ಇಟ್ಟು ನೋಡಿದವರಿಗೆ ಅವನ ಎಡಗಾಲು ದಿನವೆಲ್ಲ ಯಾವ ತಾಪದಲ್ಲಿರುತ್ತದೆಂಬುದು ಅರ್ಥವಾದೀತು. ಆ ಕಾಲೇ ಕ್ಲಚ್ಚನ್ನು ತುಳಿಯಬೇಕಾದ ಕಾಲು. ಸಂದಣಿಯ ರಸ್ತೆಯಲ್ಲಿ ಹತ್ತು ಮಾರಿಗೊಮ್ಮೆ ಗೇರು ಬದಲಿಸುವಾಗ ಮಂಡಿಯಿಂದ ಸೊಂಟದವರೆಗೆ ಅದರ ಭಾರ ಏರುತ್ತದೆ. ಸೀಟಿನ ಮೇಲೆ ಮಡಿಸಿ ಹಾಸಿದ ಟವೆಲ್ಲು, ಬೆನ್ನಿಗೆ ಕಟ್ಟಿಕೊಂಡ ಪಟ್ಟಿ ಇವು ಅವನ ಸ್ವಂತ ಚಿಕಿತ್ಸೆಗಳು. ಇದಕ್ಕಿಂತಲೂ ಹೇಳಿಕೊಳ್ಳಲಾಗದ ಒಂದು ಬಾಧೆಯುಂಟು. ಅನೇಕ ಮಾರ್ಗಗಳ ಕೊನೆಯ ನಿಲ್ದಾಣವೆಂದರೆ ಒಂದು ಬಯಲು, ಒಂದು ಬೀಡಾ ಅಂಗಡಿ, ಒಂದು ಮರ, ಅಲ್ಲಿ ಶೌಚಾಲಯವಿರುವುದಿಲ್ಲ. ದಾರಿಯಲ್ಲಿ ತೊಂದರೆಯಾಗಬಾರದೆಂದು ನೀರು ಕುಡಿಯುವುದನ್ನೇ ಕಡಿಮೆ ಮಾಡುವ ಅಭ್ಯಾಸ ಇದರಿಂದ ಹುಟ್ಟುತ್ತದೆ. ಮೂತ್ರಕೋಶದ, ಮೂತ್ರಪಿಂಡದ ವ್ಯಾಧಿಗಳಿಗೆ ಅದು ನೇರವಾದ ಹಾದಿ. ಗಂಡಸರ ಪಾಡೇ ಹೀಗಿರುವಾಗ, ಬೆಂಗಳೂರಿನ ಬಸ್ಸುಗಳಲ್ಲಿ ದೊಡ್ಡ ಸಂಖ್ಯೆಯಲ್ಲಿ ದುಡಿಯುತ್ತಿರುವ ಮಹಿಳಾ ನಿರ್ವಾಹಕರ ಕಷ್ಟವನ್ನು ಬೇರೆ ವಿವರಿಸಬೇಕಾಗಿಲ್ಲ.

2024ರ ನವೆಂಬರಿನಲ್ಲಿ ನೆಲಮಂಗಲದ ಕಡೆಯ ಮಾರ್ಗದಲ್ಲಿ ಬಸ್ಸನ್ನು ನಡೆಸುತ್ತಿದ್ದಾಗಲೇ ನಡುವಯಸ್ಸಿನ ಚಾಲಕರೊಬ್ಬರು ಹೃದಯಾಘಾತದಿಂದ ಕುಸಿದು ಪ್ರಾಣಬಿಟ್ಟರು. ಸಮಯಸ್ಫೂರ್ತಿಯಿಂದ ನಿರ್ವಾಹಕರು ಚಾಲಕನ ಸ್ಥಾನಕ್ಕೆ ಧಾವಿಸಿ ಬಸ್ಸನ್ನು ನಿಲ್ಲಿಸಿದುದರಿಂದ ಪ್ರಯಾಣಿಕರು ಉಳಿದುಕೊಂಡರು. ಒಂದು ಸಾವಿಗೆ ಇದೇ ಕಾರಣವೆಂದು ವಿಧಿಸಿ ಹೇಳುವ ಅಧಿಕಾರ ಯಾರಿಗೂ ಇಲ್ಲ. ಆದರೆ ಆ ಘಟನೆಯಿಂದ ಒಂದು ಮಾತಂತೂ ಸ್ಪಷ್ಟವಾಯಿತು: ಚಾಲಕನ ಆರೋಗ್ಯ ಅವನೊಬ್ಬನ ಸ್ವಂತ ವಿಷಯವಲ್ಲ. ಐವತ್ತು ಅರುವತ್ತು ಜನರ ಪ್ರಾಣ ಒಂದು ಹೃದಯದ ಬಡಿತವನ್ನು ನಂಬಿ ಸಾಗುತ್ತಿರುತ್ತದೆ. ಸಾರಿಗೆ ನಿಗಮವು ಜಯದೇವ ಹೃದ್ರೋಗ ಸಂಸ್ಥೆಯ ಸಹಕಾರದಿಂದ ನೌಕರರ ಹೃದಯ ತಪಾಸಣೆಗೆ ಏರ್ಪಾಡು ಮಾಡಿರುವುದು ಶ್ಲಾಘ್ಯವಾದ ಕಾರ್ಯ. ತಪಾಸಣೆಯಿಂದ ರೋಗ ತಿಳಿಯುತ್ತದೆ. ಅದು ಬಾರದಂತೆ ತಡೆಯಬೇಕಾದರೆ ದಿನಚರಿಯೇ ತಿದ್ದುಪಡಿಯಾಗಬೇಕು.

ಬೆಂಗಳೂರಿನ ಬಸ್ಸು ಲಾಭಕ್ಕಾಗಿ ಹುಟ್ಟಿ ಸೇವೆಯಾಗಿ ಬೆಳೆದ ಸಂಸ್ಥೆ. 1940ರಲ್ಲಿ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿಯೆಂಬ ಖಾಸಗಿ ಸಂಸ್ಥೆಯಾಗಿ ಆರಂಭವಾದುದು 1956ರಲ್ಲಿ ರಾಷ್ಟ್ರೀಕೃತವಾಗಿ, ಹಿರಿಯರ ಬಾಯಲ್ಲಿ ಇಂದಿಗೂ ಉಳಿದಿರುವ ಬಿ.ಟಿ.ಎಸ್. ಆಯಿತು, 1997ರ ಆಗಸ್ಟ್ 15ರಂದು ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆಯೆಂಬ ಪ್ರತ್ಯೇಕ ನಿಗಮವಾಯಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯ ಮೂಲಕ ಹೆಣ್ಣುಮಕ್ಕಳಿಗೆ ಪ್ರಯಾಣ ಉಚಿತವಾದ ಮೇಲೆ, ಮನೆಗೆಲಸದವರು, ಗಾರ್ಮೆಂಟ್ಸ್ ಕಾರ್ಖಾನೆಯವರು, ವಿದ್ಯಾರ್ಥಿನಿಯರು ಹಿಂದೆಂದಿಗಿಂತ ಧೈರ್ಯವಾಗಿ ಬಸ್ಸು ಹತ್ತುವಂತಾಯಿತು. ಇದು ಸಮಾಜಕ್ಕೆ ಆದ ದೊಡ್ಡ ಲಾಭ. ಆದರೆ ತುಂಬಿದ ಬಸ್ಸು ಪ್ರತಿ ನಿಲ್ದಾಣದಲ್ಲಿಯೂ ಹೆಚ್ಚು ಹೊತ್ತು ನಿಲ್ಲಬೇಕಾಗುತ್ತದೆ. ಆ ಹೊತ್ತನ್ನು ವೇಳಾಪಟ್ಟಿಯಲ್ಲಿ ಸೇರಿಸದಿದ್ದರೆ ಅದೂ ಚಾಲಕನ ಬಿಡುವಿನಿಂದಲೇ ಕಳೆಯಲ್ಪಡುತ್ತದೆ. ಸಮಾಜ ಒಂದು ಕೈಯಿಂದ ಮಾಡಿದ ಉಪಕಾರದ ಬೆಲೆಯನ್ನು ಒಬ್ಬ ಕಾರ್ಮಿಕನ ಊಟದ ಹೊತ್ತಿನಿಂದ ತೆರಿಸುವುದು ನ್ಯಾಯವಲ್ಲ.

ಈಚೆಗೆ ಬಂದ ವಿದ್ಯುತ್ ಬಸ್ಸುಗಳು ಕೆಲವು ಬಾಧೆಗಳನ್ನು ಕಳೆದಿವೆ. ಅವುಗಳಲ್ಲಿ ಎಂಜಿನ್ನಿನ ಕಾವಿಲ್ಲ, ಕ್ಲಚ್ಚಿಲ್ಲ, ಗದ್ದಲ ಕಡಿಮೆ. ಆದರೆ ಅವುಗಳೊಡನೆ ಹೊಸದೊಂದು ಪ್ರಶ್ನೆಯೂ ಬಂದಿದೆ. ಈ ಬಸ್ಸುಗಳಲ್ಲಿ ಹಲವಕ್ಕೆ ನಿರ್ವಾಹಕನು ನಿಗಮದವನು. ಬಸ್ಸೂ ಚಾಲಕನೂ ಗುತ್ತಿಗೆ ಪಡೆದ ಸಂಸ್ಥೆಯವರು. ಆ ಸಂಸ್ಥೆಗೆ ಸಂದಾಯವಾಗುವುದು ಕಿಲೋಮೀಟರಿಗೆ ಇಂತಿಷ್ಟೆಂಬ ದರದಲ್ಲಿ. ಕಿಲೋಮೀಟರಿನಿಂದ ಹಣ ಹುಟ್ಟುವ ವ್ಯವಸ್ಥೆಯಲ್ಲಿ ನಿಂತ ಚಕ್ರ ನಷ್ಟವೆಂದೇ ತೋರುತ್ತದೆ. ಒಂದೇ ಬಸ್ಸಿನಲ್ಲಿ ಎರಡು ಯಜಮಾನಿಕೆಗಳ ಕೆಳಗೆ ದುಡಿಯುವ ಇಬ್ಬರಲ್ಲಿ ಒಬ್ಬನ ಬಿಡುವಿಗೆ ಯಾರು ಹೊಣೆಯೆಂಬುದು ಮಸುಕಾಗುತ್ತದೆ. 1961ರ ಕಾಯಿದೆ ಈ ಸಂದಿಗ್ಧಕ್ಕೂ ಅವಕಾಶ ಕೊಟ್ಟಿರಲಿಲ್ಲ. ನೇರವಾಗಿ ನೇಮಕಗೊಂಡವನೂ ಮತ್ತೊಬ್ಬರ ಮೂಲಕ ನೇಮಕಗೊಂಡವನೂ ಅದರ ದೃಷ್ಟಿಯಲ್ಲಿ ಸಮಾನವಾಗಿ ಸಾರಿಗೆ ಕಾರ್ಮಿಕರೇ. ಗುತ್ತಿಗೆಯ ಕರಾರಿನಲ್ಲಿ ಬ್ಯಾಟರಿಯ ಚಾರ್ಜಿಗೆ ಕಾಲವನ್ನು ಗೊತ್ತುಮಾಡುವ ಹಾಗೆಯೇ ಚಾಲಕನ ವಿಶ್ರಾಂತಿಗೂ ಗೊತ್ತುಮಾಡುವುದು ಅಸಾಧ್ಯವೇನಲ್ಲ.

ಹೊರದೇಶಗಳ ನಿಯಮಗಳು ಎಲ್ಲ ವಿಧದಲ್ಲಿಯೂ ನಮಗಿಂತ ಮೇಲೆಂದು ಭ್ರಮಿಸಬೇಕಾಗಿಲ್ಲ. ಯುರೋಪಿನ ಒಕ್ಕೂಟದಲ್ಲಿ ನಾಲ್ಕೂವರೆ ಗಂಟೆಯ ಚಾಲನೆಗೆ 45 ನಿಮಿಷಗಳ ವಿರಾಮವನ್ನು ವಿಧಿಸಿದ 2006ರ ಪ್ರಸಿದ್ಧ ನಿಯಮವು 50 ಕಿಲೋಮೀಟರಿಗೆ ಮೀರದ ಮಾರ್ಗಗಳ ನಿಯತ ಬಸ್ಸುಗಳಿಗೆ ಅನ್ವಯಿಸುವುದೇ ಇಲ್ಲವಾದ್ದರಿಂದ, ನಗರದ ಚಾಲಕನು ಅದರ ಆಶ್ರಯದ ಹೊರಗೆ ಉಳಿದಿದ್ದಾನೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1979ರ ಒಡಂಬಡಿಕೆ ಎಡೆಬಿಡದ ಚಾಲನೆಗೆ 4 ಗಂಟೆಗಳ ಮಿತಿಯನ್ನೂ, ದಿನಕ್ಕೆ 10 ಗಂಟೆಗಳ ವಿಶ್ರಾಂತಿಯನ್ನೂ ಆದರ್ಶವಾಗಿ ಮುಂದಿಟ್ಟಿತು. ನಮ್ಮ ಶಾಸನ ಆ ಆದರ್ಶದಿಂದ ಬಹುದೂರ ನಿಂತಿಲ್ಲ. ನಮಗೆ ಬೇಕಾಗಿರುವುದು ಇರುವ ನಿಯಮವನ್ನು ರಸ್ತೆಯ ಮೇಲೆ ನಿಜವಾಗಿಸುವ ಸಂಕಲ್ಪ.

ಇದಕ್ಕೆ ಹಣವೆಲ್ಲಿ ಎಂಬ ಆಕ್ಷೇಪ ಬರುವುದು ಸಹಜ. ಬಿಡುವನ್ನು ನಿಜವಾಗಿ ಕೊಡಬೇಕಾದರೆ ಹೆಚ್ಚು ಚಾಲಕರು ಬೇಕು, ಹೆಚ್ಚು ಬಸ್ಸುಗಳು ಬೇಕು, ಇಲ್ಲವೆ ಟ್ರಿಪ್ಪುಗಳು ಕಡಿಮೆಯಾಗಬೇಕು, ಇದು ಸತ್ಯ. ಆದರೆ ಬಿಡುವನ್ನು ಕೊಡದಿರುವುದಕ್ಕೂ ವೆಚ್ಚವುಂಟೆಂಬುದು ಅಷ್ಟೇ ಸತ್ಯ. ದಣಿದ ಕಣ್ಣಿಗೆ ತಡವಾಗಿ ಕಂಡ ಪಾದಚಾರಿ, ನಲವತ್ತೈದನೆಯ ವಯಸ್ಸಿಗೇ ಲಘುಕೆಲಸವನ್ನು ಬೇಡಬೇಕಾಗುವ ಬೆನ್ನುನೋವಿನ ಚಾಲಕ, ಆಸ್ಪತ್ರೆಯ ಬಿಲ್ಲು, ಅಪಘಾತದ ಪರಿಹಾರ, ಇವೆಲ್ಲ ಆ ವೆಚ್ಚದ ಬಾಬುಗಳೇ. ಎರಡನೆಯ ವೆಚ್ಚವನ್ನು ಯಾವ ಮುಂಗಡಪತ್ರದಲ್ಲಿಯೂ ಬರೆಯುವುದಿಲ್ಲವಾದ್ದರಿಂದ ಅದು ಇಲ್ಲವೆಂದು ತೋರುತ್ತದೆ.

ಮಾಡಬೇಕಾದುದು ನಮ್ಮ ಶಕ್ತಿಯನ್ನು ಮೀರಿದುದೇನಲ್ಲ. ಬಸ್ಸು ಎಲ್ಲಿದೆಯೆಂಬುದನ್ನು ಕ್ಷಣಕ್ಷಣಕ್ಕೂ ತಿಳಿಸುವ ಜಿಪಿಎಸ್ ಯಂತ್ರಗಳು ಇಂದು ಬಸ್ಸುಗಳಲ್ಲಿವೆ. ಅವು ಅಳೆದ ನಿಜವಾದ ಓಟದ ಕಾಲವನ್ನೇ ಆಧರಿಸಿ, ಬೆಳಗು ಮಧ್ಯಾಹ್ನ ಸಂಜೆಗಳಿಗೆ ಬೇರೆಬೇರೆಯಾಗಿ, ಮಳೆಗಾಲಕ್ಕೆ ಪ್ರತ್ಯೇಕವಾಗಿ ಶೆಡ್ಯೂಲುಗಳನ್ನು ಪುನಃ ರಚಿಸಬೇಕು. ಬಸ್ಸು ಎಷ್ಟೇ ತಡವಾಗಿ ಬಂದರೂ ಊಟದ ಅರ್ಧ ಗಂಟೆಯನ್ನು ಮುಟ್ಟದೆ, ಟ್ರಿಪ್ಪನ್ನೇ ಬಿಡುವ ಅಧಿಕಾರವನ್ನು ಕಂಟ್ರೋಲರಿಗೆ ಕೊಟ್ಟು, ಅದಕ್ಕಾಗಿ ಚಾಲಕನಿಂದ ಸಮಜಾಯಿಷಿ ಕೇಳುವುದನ್ನು ನಿಲ್ಲಿಸಬೇಕು. ಪ್ರತಿ ಮಾರ್ಗದ ಕೊನೆಯಲ್ಲಿಯೂ ನೀರು, ಶೌಚಾಲಯ, ನೆರಳುಳ್ಳ ಒಂದು ಕೊಠಡಿ ಇರಬೇಕು. ನಿಗಮಕ್ಕೆ ಜಾಗವಿಲ್ಲದ ಕಡೆ ಪಂಚಾಯಿತಿಯೋ ಪಾಲಿಕೆಯೋ ಅದನ್ನು ಒದಗಿಸಬಹುದು. ನೈಟ್ ಔಟ್ ಬಸ್ಸುಗಳು ತಂಗುವ ಊರಿನಲ್ಲಿ ಸೊಳ್ಳೆಪರದೆಯುಳ್ಳ ಎರಡು ಮಂಚಗಳಿಗಾಗಿ ಒಂದು ಕೋಣೆಯನ್ನು ಬಾಡಿಗೆಗೆ ಹಿಡಿಯುವುದು ದೊಡ್ಡ ಕಾರ್ಯವಲ್ಲ. ಮುಖ್ಯರಸ್ತೆಗಳಲ್ಲಿ ಬಸ್ಸಿಗೆಂದೇ ಮೀಸಲಾದ ಪಥಗಳನ್ನು ಉಳಿಸಿಕೊಂಡು ಬೆಳೆಸಿದರೆ ಪ್ರಯಾಣಿಕನ ಸಮಯವೂ ಚಾಲಕನ ಬಿಡುವೂ ಒಟ್ಟಿಗೆ ಉಳಿಯುತ್ತವೆ.

ಇವುಗಳಲ್ಲಿ ಒಂದೂ ಚಾಲಕನಿಗೆ ನಾವು ತೋರುವ ಕರುಣೆಯಲ್ಲ. ವಿಶ್ರಾಂತಿ ಚಾಲನೆಯ ಅಂಗ. ಬ್ರೇಕು ಹಿಡಿಯದ ಬಸ್ಸನ್ನು ರಸ್ತೆಗೆ ಬಿಡುವುದು ಹೇಗೆ ಅಪರಾಧವೋ ದಣಿದ ಮನುಷ್ಯನ ಕೈಗೆ ಒಳ್ಳೆಯ ಬಸ್ಸನ್ನು ಕೊಡುವುದೂ ಹಾಗೆಯೇ ಅಪರಾಧ. ಐದು ಗಂಟೆಯ ದುಡಿಮೆಗೆ ಅರ್ಧ ಗಂಟೆಯ ಬಿಡುವು ಎಂಬ ಮಾತನ್ನು ಈ ದೇಶ ತನ್ನ ಚಾಲಕರಿಗೆ 1961ರಲ್ಲಿಯೇ ಕೊಟ್ಟಿದೆ. ಸರ್ಕಾರವೂ ನಿಗಮವೂ ಗುತ್ತಿಗೆದಾರರೂ, ದಿನವೂ ಆ ಚಾಲಕರ ಕೈಯಲ್ಲಿ ಪ್ರಾಣವನ್ನಿಟ್ಟು ಸಾಗುವ ನಾವೂ ಕೂಡಿ, ಕೊಟ್ಟ ಮಾತನ್ನು ನಡೆಸಿಕೊಡಬೇಕು.